ಹೊಸಬರ ಗಂಜಿ

ದೋಣಿ ಇಳಿದವರ ಹೆಸರನ್ನು ಆ ಊರಿನಲ್ಲಿ ಮೊದಲು ಕೇಳುವುದಿಲ್ಲ. ‘ಯಾರ ಗಂಜಿ?’ ಎಂದು ಕೇಳುತ್ತಾರೆ. ನಮ್ಮನ್ನೂ ಹಾಗೆಯೇ ಕೇಳಿದರು. ನನ್ನ ಗಂಡ ಚನ್ನಿಗಪ್ಪ ಸಾಣೆ ಹಿಡಿಯುವ ಚಕ್ರವನ್ನು ಹೆಗಲ ಮೇಲೆ ಹೊತ್ತು, ಒಂದು ಕಾಲನ್ನು ದೋಣಿಯಲ್ಲೂ ಇನ್ನೊಂದನ್ನು ಮೆಟ್ಟಿಲ ಮೇಲೂ ಇಟ್ಟುಕೊಂಡು, ‘ನೋಡ್ದೇನೇ ನಿಂಗಾಜಿ, ಇಳಿಯೋದ್ರೊಳಗೆ ಗಂಜಿ ಕೊಡ್ತಾರಂತೆ, ಒಳ್ಳೇ ಜನ’ ಎಂದು ನನ್ನ ಕಡೆ ತಿರುಗಿ ನಕ್ಕರು. ದಡದಲ್ಲಿ ನಿಂತಿದ್ದ ಕಾವಲಿನವನು ನಗಲಿಲ್ಲ. ‘ಯಾರ ಗಂಜಿ ಅಂತ ತೀರ್ಮಾನ ಮಾಡ್ಕೊಂಡು ಮೇಲೆ ಬನ್ನಿ. ಗಂಜಿ ಇಲ್ಲದೋರು ಊರೊಳಗೆ ಕಾಲಿಡೋ ಹಂಗಿಲ್ಲ’ ಎಂದ.

ಅಲ್ಲಿ ಅಮಾವಾಸ್ಯೆಯ ದಿನ ಯಾರು ಯಾರು ಒಂದೇ ಮಡಕೆಯ ಗಂಜಿ ಕುಡಿಯುತ್ತಾರೋ ಅವರೆಲ್ಲ ಮುಂದಿನ ಅಮಾವಾಸ್ಯೆಯವರೆಗೆ ಒಬ್ಬರ ಕಾಯಿಲೆಯನ್ನು ಎಲ್ಲರೂ ಹಂಚಿಕೊಂಡು ಹೊರುತ್ತಾರೆ. ಊರಿನವರು ಇದನ್ನೊಂದು ದೊಡ್ಡ ಸಂಗತಿ ಎಂದು ಹೇಳಿಕೊಳ್ಳುವುದಿಲ್ಲ. ಬೀದಿಯಲ್ಲಿ ಒಬ್ಬನಿಗೆ ಹಲ್ಲುನೋವು ಬಂದರೆ ಬೀದಿಯವರೆಲ್ಲ ಬೆಳಿಗ್ಗೆ ದವಡೆ ಸ್ವಲ್ಪ ಉಜ್ಜಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಯಾವಳಿಗಾದರೂ ಹೆರಿಗೆನೋವು ಶುರುವಾದರೆ ಗಂಡಸರೂ ಅಂಗಡಿ ಬಾಗಿಲು ಹಾಕಿಕೊಂಡು ಸೊಂಟ ಹಿಡಿದು ಕೂರುತ್ತಾರೆ. ಈ ಒಂದು ಏರ್ಪಾಡು ನನಗೆ ಬಂದ ದಿನದಿಂದಲೇ ಬಹಳ ಹಿಡಿಸಿಬಿಟ್ಟಿತು.

ನಾವು ಸುಮ್ಮನೆ ಊರು ನೋಡಲು ಬಂದವರಲ್ಲ. ನಮಗೊಬ್ಬಳು ಮಗಳಿದ್ದಳು, ಚೆಲುವಿ. ಆರು ವರ್ಷ ತುಂಬಿತ್ತು. ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟಳು. ಆ ವಾರವೆಲ್ಲ ನಾನು ಅವಳ ಪಕ್ಕ ಕೂತು, ಇದರಲ್ಲಿ ಅರ್ಧ ನನಗೆ ಕೊಡಪ್ಪಾ, ಕಾಲುಭಾಗವಾದರೂ ಕೊಡಪ್ಪಾ ಎಂದು ಕಂಡ ಕಂಡ ದೇವರನ್ನೆಲ್ಲ ಕೇಳಿದೆ. ಯಾರೂ ಕೊಡಲಿಲ್ಲ. ಆಮೇಲೆ ಯಾರೋ ಬಳೆ ಮಾರುವವನು, ನೀರಿನಾಚೆಗೆ ಒಂದು ದೇಶವಿದೆ, ಅಲ್ಲಿ ಹಾಗೆ ಕೇಳಿದರೆ ಸಿಗುತ್ತದೆ ಎಂದ. ನನ್ನ ಗಂಡ ಅವತ್ತೇ ಚಕ್ರವನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿದರು. ‘ಇನ್ನು ನೀನೊಬ್ಬಳು ಉಳಿದಿದೀಯ. ನಿನ್ನನ್ನ ಇಲ್ಲಿ ಇಟ್ಕೊಂಡು ಕೂರೋ ಧೈರ್ಯ ನನಗಿಲ್ಲ’ ಎಂದರು. ಮಗಳ ಮಣ್ಣು ಬಿಟ್ಟು ಹೊರಡಲು ನನಗೆ ಮನಸ್ಸಿರಲಿಲ್ಲ. ಆದರೆ ಅವರ ಮುಖ ನೋಡಿ ಸುಮ್ಮನೆ ಗಂಟು ಕಟ್ಟಿದೆ.

ಊರಿನ ದಿಬ್ಬದ ಮೇಲೆ ಒಳ್ಳೊಳ್ಳೆಯ ಬೀದಿಗಳಿದ್ದವು. ಅಲ್ಲಿಯವರು ಹೊಸಬರನ್ನು ಒಂದು ವರ್ಷದ ತನಕ ಹತ್ತಿರ ಸೇರಿಸುತ್ತಿರಲಿಲ್ಲ. ಅಲ್ಲಿಯವರೆಗೆ ಹೊಸಬರಿಗೆ ಇದ್ದದ್ದು ಎರಡೇ ಮಡಕೆ. ಒಂದು ಸುಣ್ಣದ ಗೂಡಿನವರದು. ಅವರು ಊರಿನ ಬಾಗಿಲಲ್ಲೇ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ಜನ, ಮುನ್ನೂರು ಮಂದಿ, ಎಲ್ಲರಿಗೂ ಕೆಮ್ಮು. ಇನ್ನೊಂದು ಹೊಸಬರ ಗಂಜಿ. ದೋಣಿಯಲ್ಲಿ ಬಂದವರೇ ಸೇರಿ ಮಾಡಿಕೊಂಡಿದ್ದು. ಅಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮನೆಗೊಂದು ಹಿಡಿ ಅಕ್ಕಿ ತಂದು ಹಾಕಿ ಸಾಲಿನಲ್ಲಿ ಕೂತರಾಯಿತು.

ಸುಣ್ಣದವರ ಹಿರಿಯಳು ಹೊನ್ನೂರವ್ವ ಮೆಟ್ಟಿಲ ಮೇಲೇ ಕೂತಿದ್ದಳು. ದಪ್ಪ ಹೆಂಗಸು. ಹುಬ್ಬಿನ ಕೂದಲಿನ ಮೇಲೂ ಸುಣ್ಣದ ಪುಡಿ. ‘ಬನ್ರವ್ವಾ ನಮ್ಮಲ್ಲಿಗೆ. ಮುನ್ನೂರು ಜನ ಇದೀವಿ. ಏನೇ ಬಂದ್ರೂ ಒಬ್ಬೊಬ್ಬರಿಗೆ ಒಂದು ಚಿಟಿಕೆ. ಕೆಮ್ಮು ಒಂದು ಇದೆ, ಇಲ್ಲ ಅನ್ನಲ್ಲ. ಬೆಳಿಗ್ಗೆ ನಾಕು ಸಲ ಕೆಮ್ಮಿದ್ರೆ ಮುಗೀತು’ ಎಂದು ಮೊದಲು ನನ್ನ ಕೈ ಹಿಡಿದು ನಾಡಿ ನೋಡಿದಳು. ಆಮೇಲೆ ನನ್ನ ಗಂಡನ ಕೈಗೆ ಕೈ ಚಾಚಿದಳು. ಅವರು ಥಟ್ಟನೆ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು, ‘ಬೇಡ ಬಿಡ್ರವ್ವಾ. ನಾವು ಹೊಸಬರ ಕಡೆಗೇ ಹೋಗ್ತೀವಿ’ ಎಂದರು. ಹೊನ್ನೂರವ್ವ ಅವರ ಮುಖವನ್ನೇ ಒಂದು ಗಳಿಗೆ ನೋಡಿ, ‘ನಿಮ್ಮಿಷ್ಟ’ ಎಂದಳು.

ನನಗೆ ನಾಚಿಕೆಯಾಯಿತು. ಮೇಲೆ ಹತ್ತುತ್ತಾ, ‘ಆ ಹೆಂಗಸಿನ ಕೈಗೆ ಸುಣ್ಣ ಮೆತ್ತಿದ್ರೆ ನಿಮಗೇನು ಮೈಲಿಗೆ ಆಗ್ತಿತ್ತಾ? ಮುನ್ನೂರು ಜನ ಅಂದ್ರೆ ಕಡಿಮೇನಾ?’ ಎಂದು ರೇಗಿದೆ. ‘ನಿನಗ್ಯಾಕೆ ಕಂಡೋರ ಕೆಮ್ಮು? ಆ ಕಡೆ ನೋಡು, ಎಲ್ಲ ಹೇಗಿದಾರೆ’ ಎಂದು ಹೊಸಬರ ಚಪ್ಪರ ತೋರಿಸಿದರು. ನಿಜ ಹೇಳಬೇಕೆಂದರೆ ಅವರು ಚೆನ್ನಾಗಿಯೇ ಇದ್ದರು. ನಲವತ್ತು ಜನ, ಬಹಳಷ್ಟು ಪ್ರಾಯದವರು, ಮೈಕೈ ತುಂಬಿಕೊಂಡವರು. ಹೊಸ ದೇಶಕ್ಕೆ ಬಂದ ಹುಮ್ಮಸ್ಸಿನಲ್ಲಿ ಗಲಗಲ ಮಾತಾಡುತ್ತಿದ್ದರು. ಇಂಥವರಿಗೆ ಕಾಯಿಲೆ ಎಲ್ಲಿಂದ ಬರಬೇಕು ಎನ್ನಿಸಿತು. ಇಲ್ಲಿ ಮುದುಕರು ಯಾಕಿಲ್ಲ, ವರ್ಷ ತುಂಬಿದವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಮಾರನೆಯ ದಿನ ಅಮಾವಾಸ್ಯೆ. ಸಾಲಿನಲ್ಲಿ ಕೂತು ಗಂಜಿ ಕುಡಿದೆವು. ನನ್ನ ಗಂಡ ಎರಡು ಸಲ ಹಾಕಿಸಿಕೊಂಡರು.

ಮೊದಲ ತಿಂಗಳುಗಳನ್ನು ನೆನೆದರೆ ಈಗಲೂ ಮನಸ್ಸು ಹಸಿಯಾಗುತ್ತದೆ. ನನ್ನ ಗಂಡ ಚಪ್ಪರದ ಪಕ್ಕದಲ್ಲೇ ಚಕ್ರ ಹೂಡಿದರು. ದಿಬ್ಬದ ಮೇಲಿನವರು ಚೂರಿ ಕತ್ತರಿ ಈಳಿಗೆಮಣೆ ತರುತ್ತಿದ್ದರು. ಪಕ್ಕದ ಗುಡಿಸಿಲಿನಲ್ಲಿ ಮರಿಸ್ವಾಮಿ ಎಂಬ ಮಿಠಾಯಿ ಮಾಡುವವನಿದ್ದ. ನಮಗಿಂತ ಸ್ವಲ್ಪ ಮೊದಲು ಬಂದವನು, ಹೆಂಡತಿ ಮಕ್ಕಳಿಲ್ಲ, ಮೈಯೆಲ್ಲ ಹೊಟ್ಟೆ. ಯಾರಿಗೆ ನೆಗಡಿಯಾದರೂ ಪಾಲಿಗೆ ಬಂದ ಒಂದೇ ಒಂದು ಸೀನನ್ನು ಊರಿಗೆಲ್ಲ ಕೇಳುವಂತೆ ಸೀನಿ, ‘ಯಾರಪ್ಪಾ ಅದು, ನನ್ನ ಬೂಂದಿ ಎಲ್ಲಾ ಹಾರೋಯ್ತು’ ಎಂದು ಕೂಗುತ್ತಿದ್ದ. ನಾವು ನಗುತ್ತಿದ್ದೆವು. ಮಗಳು ಸತ್ತ ಮೇಲೆ ನನ್ನ ಗಂಡ ಮನಸಾರೆ ನಕ್ಕಿದ್ದನ್ನು ನಾನು ಕೇಳಿದ್ದು ಅಲ್ಲಿಯೇ.

ಒಂದು ಸಂಗತಿ ಮಾತ್ರ ಇತ್ತು. ಸಂಜೆಯಾದರೆ ಎಲ್ಲರಿಗೂ ಮೈ ತುಸು ಬೆಚ್ಚಗಾಗುತ್ತಿತ್ತು. ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದಂತೆ, ಅಷ್ಟೇ. ಯಾರೋ ಒಬ್ಬರಿಗೆ ಜ್ವರ ಇದೆ ಎಂದು ಗೊತ್ತಿತ್ತು. ಯಾರಿಗೆ ಎಂದು ಗೊತ್ತಾಗುವ ದಾರಿಯಿರಲಿಲ್ಲ. ಆ ತಿಂಗಳು ನಾಲ್ಕು ದೋಣಿ ಬಂದಿದ್ದವು. ಕೇಳುವುದು ಮರ್ಯಾದೆಯೂ ಆಗಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಹೋಗತೊಡಗಿದರು. ವರ್ಷ ತುಂಬಿದವರನ್ನು ದಿಬ್ಬದ ಬೀದಿಗಳು ಕರೆಯುತ್ತಿದ್ದವು. ಕರೆಯುವ ಮುಂಚೆ ಒಂದು ಪರೀಕ್ಷೆ ಇತ್ತು. ಒಂದು ಅಮಾವಾಸ್ಯೆ ಯಾವ ಗಂಜಿಯನ್ನೂ ಕುಡಿಯದೆ ಆ ತಿಂಗಳನ್ನು ಒಂಟಿಯಾಗಿ ಕಳೆಯಬೇಕು. ಹಂಚಿಕೊಂಡದ್ದೆಲ್ಲ ಆಗ ಮೈಬಿಟ್ಟು ಹೋಗಿ, ಅವರವರ ಸ್ವಂತದ್ದೇನಿದೆಯೋ ಅದು ಮಾತ್ರ ಉಳಿಯುತ್ತದೆ. ಏನೂ ಉಳಿಯದವರನ್ನು ಬೀದಿಗೆ ಸೇರಿಸಿಕೊಳ್ಳುತ್ತಿದ್ದರು. ಗಟ್ಟಿಮುಟ್ಟಾದವರೆಲ್ಲ ಹೀಗೆ ಹೋದರು. ಒಬ್ಬೊಬ್ಬರು ಹೋದಾಗಲೂ ಆ ಜ್ವರ ಅವರದಲ್ಲ ಎಂದು ನಮಗೆ ಗೊತ್ತಾಗುತ್ತಿತ್ತು, ಅವರ ಪಾಲು ನಮ್ಮ ಮೇಲೆ ಬೀಳುತ್ತಿತ್ತು. ಇಪ್ಪತ್ತು ಜನ ಉಳಿದಾಗ ಸಂಜೆಯ ಬಿಸಿ ಕಣ್ಣಿಗೆ ಬಂತು. ಹತ್ತು ಜನ ಉಳಿದಾಗ ಹೊದಿಕೆ ಬೇಕಾಯಿತು. ಐದು ಜನ ಉಳಿದಾಗ ಮರಿಸ್ವಾಮಿ ಸೀನುವುದನ್ನೂ ಕೂಗುವುದನ್ನೂ ನಿಲ್ಲಿಸಿದ.

ಹೊಸಬರು ಬಂದು ಸೇರಿದ್ದರೆ ಹಗುರವಾಗುತ್ತಿತ್ತು. ದೋಣಿಗಳೇನೋ ಬರುತ್ತಿದ್ದವು. ಒಂದು ದಿನ ಒಬ್ಬ ಹುಡುಗ ಅವನ ಹೊಸ ಹೆಂಡತಿಯ ಕೈ ಹಿಡಿದುಕೊಂಡು ಚಪ್ಪರದ ಎದುರು ಬಂದು ನಿಂತ. ನಾವು ಐದೂ ಜನ ಎದ್ದು ನಿಂತೆವು. ಬಾಯಿತುಂಬ ನಕ್ಕು, ‘ಬನ್ನಿ, ಬನ್ನಿ, ಕೂತ್ಕೊಳ್ಳಿ’ ಎಂದೆ. ಹುಡುಗಿ ನನ್ನ ಕಣ್ಣಿನ ಸುತ್ತಲಿನ ಕಪ್ಪನ್ನು ನೋಡಿದಳು, ನನ್ನ ಗಂಡನ ಕೊರಳ ಮೂಳೆಯನ್ನು ನೋಡಿದಳು. ಗಂಡನ ಕಿವಿಯಲ್ಲಿ ಏನೋ ಅಂದಳು. ಇಬ್ಬರೂ ಸುಣ್ಣದ ಗೂಡಿನ ಕಡೆಗೆ ಹೊರಟುಹೋದರು. ಅವಳ ಮೇಲೆ ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ, ಹಿಂದಿನಿಂದ ಕೆಟ್ಟ ಮಾತೊಂದು ಆಡಿಯೂಬಿಟ್ಟೆ. ಪಾಪ, ಅವಳದೇನು ತಪ್ಪು. ನಾವೂ ಮುಖ ನೋಡಿಯೇ ಗಂಜಿ ಆರಿಸಿದವರಲ್ಲವೇ.

‘ನಾವೂ ಅಲ್ಲಿಗೇ ಹೋಗೋಣ. ಕಾಲು ಹಿಡ್ಕೊಂಡು ಕೇಳೋಣ’ ಎಂದು ಅವತ್ತು ಗಂಡನಿಗೆ ಹೇಳಿದೆ. ‘ಕಾಯಿಲೆ ಹೊತ್ಕೊಂಡು ಬಂದೋರನ್ನ ಯಾರು ಸೇರಿಸ್ತಾರೆ? ನಾಡಿ ನೋಡ್ತಾರೆ, ಆಚೆಗೆ ಹಾಕ್ತಾರೆ. ಅವಮಾನ ಮಾಡಿಸ್ಕೊಳ್ಳೋಕೆ ಹೋಗ್ಬೇಕಾ?’ ಎಂದರು. ಚಪ್ಪರದಲ್ಲಿದ್ದ ಮಿಕ್ಕವರೂ ಹೌದೆಂದರು. ಸುಣ್ಣದವರು ನಾಡಿ ನೋಡುವುದೇ ಆರಿಸಿ ಬಿಸಾಡಲಿಕ್ಕೆ ಎಂಬುದು ಹೊಸಬರೆಲ್ಲರ ನಂಬಿಕೆಯಾಗಿತ್ತು. ಯಾರು ಹೇಳಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ.

ಕಡೆಗೆ ಮೂವರು ಉಳಿದೆವು. ನಾನು, ನನ್ನ ಗಂಡ, ಮರಿಸ್ವಾಮಿ. ಜ್ವರ ಅವನದೇ ಇರಬೇಕೆಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಅಷ್ಟು ದಪ್ಪಗಿದ್ದವನು ಅಷ್ಟೊಂದು ಇಳಿದುಹೋಗಿದ್ದ. ಅವನೂ ಹಾಗೆಯೇ ಎಣಿಸಿ ಹೆದರಿ, ಗಂಜಿ ಬಿಡುವ ಪರೀಕ್ಷೆಯನ್ನು ಮುಂದೂಡುತ್ತಲೇ ಬಂದಿದ್ದ. ಒಂದು ಅಮಾವಾಸ್ಯೆ ಧೈರ್ಯ ಮಾಡಿ ಸಾಲಿಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತ. ಮುಖ ತೊಳೆದಿಟ್ಟಂತೆ ಇತ್ತು. ‘ನಂದಲ್ಲ ಕಣಕ್ಕಾ, ನಂದಲ್ಲ’ ಎಂದು ಹೇಳಿ ಗೊಳೋ ಎಂದು ಅತ್ತ. ಸಂತೋಷಕ್ಕೋ ಸಂಕೋಚಕ್ಕೋ ಅವನಿಗೇ ಗೊತ್ತಿರಲಿಲ್ಲ. ದಿಬ್ಬಕ್ಕೆ ಹೊರಟ ದಿನ ಒಂದು ದೊಡ್ಡ ಎಲೆಯಲ್ಲಿ ಬೂಂದಿ ಕಟ್ಟಿಕೊಟ್ಟ. ನಮಗೆ ಬಾಯಿ ಕಹಿಯಾಗಿ ಅದನ್ನು ತಿನ್ನಲಾಗಲಿಲ್ಲ.

ಅಲ್ಲಿಂದ ನಮ್ಮಿಬ್ಬರ ಜಗಳ ಶುರುವಾಯಿತು. ‘ಇದು ನಂದು’ ಎಂದು ನಾನು. ‘ಸುಮ್ನಿರೇ, ಇದು ನಂದು’ ಎಂದು ಅವರು. ಚೆಲುವಿಯ ಜ್ವರದ ಪಕ್ಕ ರಾತ್ರಿ ಹಗಲು ಮಲಗಿದ್ದವಳು ನಾನು, ಆಗಲೇ ನನಗೆ ಹತ್ತಿರಬೇಕು ಎಂಬುದು ನನ್ನ ವಾದ. ‘ಎತ್ತಿಕೊಂಡು ವೈದ್ಯರ ಮನೆಗಳಿಗೆ ಓಡಿದೋನು ನಾನಲ್ವಾ’ ಎಂಬುದು ಅವರ ವಾದ. ಆಸ್ತಿಗಾಗಿ ಹೊಡೆದಾಡುವವರನ್ನು ಕಂಡಿದ್ದೆ, ಜ್ವರಕ್ಕಾಗಿ ಹೊಡೆದಾಡುವವರು ನಾವೇ ಇರಬೇಕು. ಒಬ್ಬರು ಗಂಜಿ ಬಿಟ್ಟರೆ ಯಾರದೆಂದು ಗೊತ್ತಾಗಿಬಿಡುತ್ತಿತ್ತು. ಆದರೆ ಯಾರದೋ ಅವರ ಮೇಲೆ ಒಂದು ತಿಂಗಳು ಇಡೀ ಜ್ವರ ಕೂರುತ್ತಿತ್ತು. ಅದು ಉಳಿಸುವ ಜ್ವರವಲ್ಲ. ಅದಕ್ಕೇ ಇಬ್ಬರೂ ಆಣೆ ಇಟ್ಟುಕೊಂಡೆವು: ಯಾರದಾದರೂ ಆಗಲಿ, ಗಂಜಿ ಬಿಡುವುದು ಬೇಡ, ಅರ್ಧರ್ಧ ಹೊತ್ತು ಎಷ್ಟು ದಿನ ಆಗುತ್ತದೋ ಅಷ್ಟು ದಿನ ಬದುಕೋಣ. ಚೆಲುವಿಯ ಹೆಸರು ಹೇಳಿ ನನ್ನ ಅಂಗೈ ಮೇಲೆ ಅಂಗೈ ಇಟ್ಟರು. ಎರಡು ಕೈಯೂ ಒಂದೇ ಸಮ ಸುಡುತ್ತಿದ್ದವು.

ಅರ್ಧ ಜ್ವರ ಎಂದರೆ ಹೇಳುವಷ್ಟು ಸುಲಭವಲ್ಲ. ಅವರು ಚಕ್ರ ತುಳಿಯುವುದನ್ನು ಬಿಟ್ಟರು. ನನಗೆ ಕೊಡ ಎತ್ತಲಾಗುತ್ತಿರಲಿಲ್ಲ. ಒಂದು ದಿನ ಬಾವಿಯ ಹತ್ತಿರ ಕಣ್ಣು ಕತ್ತಲೆ ಬಂದು, ಹಗ್ಗ ಹಿಡಿದುಕೊಂಡೇ ಮುಂದಕ್ಕೆ ವಾಲಿದೆನಂತೆ. ಯಾರೋ ಸುಣ್ಣದ ಗೂಡಿನ ಹೆಂಗಸರು ಸೀರೆ ಹಿಡಿದು ಎಳೆದು ಮನೆಗೆ ತಂದು ಬಿಟ್ಟರು. ಎಚ್ಚರವಾದಾಗ ನನ್ನ ಗಂಡ ತಲೆದೆಸೆಯಲ್ಲಿ ಕೂತು ನನ್ನ ಕಾಲುಗಳನ್ನು ನೋಡುತ್ತಿದ್ದರು. ಕಾಲು ಕಡ್ಡಿಯಾಗಿದ್ದವು. ಚೆಲುವಿಯ ಕೊನೆಯ ದಿನಗಳಲ್ಲಿ ಅವಳ ಕಾಲುಗಳನ್ನು ಅವರು ಹೀಗೆಯೇ ನೋಡುತ್ತಿದ್ದರು. ‘ಏನ್ರೀ?’ ಎಂದೆ. ‘ಏನಿಲ್ಲ, ಮಲಕ್ಕೋ’ ಎಂದರು.

ಅಮಾವಾಸ್ಯೆಯ ದಿನ ನಾನೇ ಗಂಜಿ ಮಾಡಿದೆ. ನಲವತ್ತು ಜನರ ಮಡಕೆಯಲ್ಲಿ ಎರಡು ಹಿಡಿ ಅಕ್ಕಿ ತಳ ಹತ್ತಿ ಬೆಂದಿತು. ಇಬ್ಬರಿಗೂ ಬಡಿಸಿ, ಕಾಗೆಗೆ ಒಂದು ತುತ್ತು ಇಟ್ಟುಬರಲು ಹೊರಗೆ ಹೋದೆ. ನಾನು ಬರುವಷ್ಟರಲ್ಲಿ ಅವರ ಬಟ್ಟಲು ಖಾಲಿಯಾಗಿತ್ತು. ‘ಇಷ್ಟು ಬೇಗ ಕುಡಿದ್ರಾ?’ ಎಂದೆ. ‘ಬಿಸಿ ಇದ್ದಾಗಲೇ ಚೆನ್ನ’ ಎಂದು ಬಾಯಿ ಒರೆಸಿಕೊಂಡರು. ನಾನು ಎದುರಿಗೆ ಕೂತು ನನ್ನ ಪಾಲಿನದನ್ನು ಕಷ್ಟಪಟ್ಟು ಕುಡಿದೆ. ಅವರು ಕಣ್ಣು ತೆಗೆಯದೆ ನೋಡುತ್ತಾ ಕೂತಿದ್ದರು.

ಮಾರನೆಯ ದಿನ ಬೆಳಿಗ್ಗೆ ಹಕ್ಕಿಗಳ ಸದ್ದಿಗೆ ಎಚ್ಚರವಾಯಿತು. ಎದ್ದು ಕೂತರೆ ತಲೆ ಸುತ್ತಲಿಲ್ಲ. ಕೈ ನೋಡಿಕೊಂಡೆ, ತಣ್ಣಗಿತ್ತು. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು, ಇದೇನು ಹೊಸ ನೋವು ಎಂದು ಹೆದರಿದೆ. ಆಮೇಲೆ ತಿಳಿಯಿತು, ಅದು ಹಸಿವು. ಎಷ್ಟು ತಿಂಗಳಾಗಿತ್ತೋ ಅದು ನನ್ನ ಕಡೆ ಸುಳಿದು. ಗಂಡ ಗೋಡೆಯ ಕಡೆ ಮುಖ ಮಾಡಿ ತಲೆತುಂಬ ಹೊದ್ದು ಮಲಗಿದ್ದರು. ಅವರಿಗೂ ಬಿಟ್ಟಿರಬೇಕು, ಅದಕ್ಕೇ ಇಷ್ಟು ಸೊಂಪಾದ ನಿದ್ದೆ, ಮಲಗಲಿ ಎಂದುಕೊಂಡೆ. ಜ್ವರಕ್ಕೂ ಒಂದು ಆಯಸ್ಸು ಇರುತ್ತದೆ, ತೀರಿಹೋಯಿತು ಎಂದು ನಂಬಿಬಿಟ್ಟೆ. ಸದ್ದು ಮಾಡದೆ ಒಲೆ ಹಚ್ಚಿ ರೊಟ್ಟಿ ತಟ್ಟಿದೆ. ಒಲೆಯ ಮುಂದೆಯೇ ಕೂತು ಬಿಸಿಬಿಸಿಯಾಗಿ ಮೂರು ರೊಟ್ಟಿ ತಿಂದೆ, ಬರೀ ಉಪ್ಪು ಮೆಣಸಿನಕಾಯಿಯಲ್ಲಿ. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಹುಟ್ಟಿದ ಮೇಲೆ ತಿಂದಿರಲಿಲ್ಲ. ಅವರಿಗೆ ಎರಡು ಮುಚ್ಚಿಟ್ಟು, ಕೊಳೆ ಬಟ್ಟೆಯ ಗಂಟು ಹೊತ್ತು ದಡಕ್ಕೆ ಹೊರಟೆ. ದಾರಿಯಲ್ಲಿ ಹಾಡಿಕೊಂಡೆ ಎಂದರೆ ನೀವು ನಂಬಬೇಕು.

ಮೆಟ್ಟಿಲ ಮೇಲೆ ಹೊನ್ನೂರವ್ವ ಚಿಪ್ಪು ತೊಳೆಯುತ್ತಿದ್ದಳು. ‘ಏನವ್ವಾ, ಮೊನ್ನೆ ಬಾವಿಗೆ ಬೀಳ್ತಿದ್ದೋಳು ಇವತ್ತು ಕುಣ್ಕೊಂಡು ಬರ್ತಿದೀಯ?’ ಎಂದಳು. ‘ಬಿಡ್ತು ಕಣವ್ವಾ! ಜ್ವರ ಬಿಟ್ಟೋಯ್ತು!’ ಎಂದು ನಾನೇ ಕೈ ಚಾಚಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ನಾಡಿ ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಮುಖದಲ್ಲಿ ನಗು ಬರಲಿಲ್ಲ. ‘ಒಂದು ಚೂರೂ ಇಲ್ಲ’ ಎಂದಳು. ‘ತಾನಾಗಿ ಬಿಡೋ ಜ್ವರ ಸ್ವಲ್ಪ ಸ್ವಲ್ಪ ಇಳೀತದೆ ತಾಯೀ. ಹಿಂಗೆ ಒಂದೇ ಬೆಳಗಿಗೆ ಬರಿದಾಗಬೇಕಾದ್ರೆ ಯಾರೋ ಗಂಜಿ ಬಿಟ್ಟಿರಬೇಕು. ನಿನ್ನ ಗಂಡ ಎಲ್ಲಿ?’

ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ನನ್ನ ಕಾಲುಗಳು ಎಷ್ಟು ಚೆನ್ನಾಗಿ ಓಡಿದವು ಎಂದು ನೆನೆದರೆ ಈಗಲೂ ಅವುಗಳ ಮೇಲೆ ಸಿಟ್ಟು ಬರುತ್ತದೆ. ಹೊದಿಕೆ ಎಳೆದೆ. ಅವರು ಹಲ್ಲು ಕಚ್ಚಿಕೊಂಡು ಮಲಗಿದ್ದರು, ನಾನು ಒಳಗಿದ್ದಷ್ಟು ಹೊತ್ತೂ ನರಳಬಾರದು ಎಂದು ಬಾಯಿಗೆ ಪಂಚೆಯ ಚುಂಗು ತುರುಕಿಕೊಂಡಿದ್ದರು. ಮೈ ಮುಟ್ಟಿದರೆ ಹಂಚಿನ ಹಾಗೆ. ಒಲೆಯ ಹಿಂದಿನ ಬೂದಿಯಲ್ಲಿ ಸುರಿದಿದ್ದ ಗಂಜಿ ಒಣಗಿ ಗಟ್ಟಿಯಾಗಿತ್ತು. ‘ಆಣೆ ಇಟ್ಟಿದ್ರಲ್ರೀ! ಮಗಳ ಮೇಲೆ ಆಣೆ ಇಟ್ಟಿದ್ರಲ್ಲ! ನನ್ನದಾಗಿದ್ದಿದ್ರೆ ಏನು ಗತಿ? ನನ್ನ ಮೇಲೇ ಇಡೀದು ಬಿದ್ದಿದ್ರೆ?’ ಎಂದು ಅವರ ಎದೆಗೆ ಗುದ್ದಿದೆ.

‘ನಿಂದಲ್ಲ ಅಂತ ನನಗೆ ಗೊತ್ತಿತ್ತು’ ಎಂದರು. ‘ಮೊದಲಿಂದಲೂ ಗೊತ್ತಿತ್ತು.’

ಆಮೇಲೆ ಒಂದೊಂದೇ ಮಾತಾಗಿ ಹೇಳಿದರು. ಊರು ಬಿಡುವ ಮುಂಚೆಯೇ ಸಂಜೆ ಸಂಜೆ ಜ್ವರ ಬರುತ್ತಿತ್ತಂತೆ. ದೋಣಿಯಲ್ಲಿ ಬಿಸಿಲು, ಗಾಳಿ ಎಂದು ನನ್ನಿಂದ ದೂರ ಮುಂಭಾಗದಲ್ಲಿ ಮಲಗುತ್ತಿದ್ದದ್ದು ಅದಕ್ಕೇ. ಮೆಟ್ಟಿಲ ಮೇಲೆ ಕೈ ಎಳೆದುಕೊಂಡದ್ದೂ ಅದಕ್ಕೇ. ‘ಆಯಮ್ಮ ನಾಡಿ ಹಿಡಿದಿದ್ರೆ ನನ್ನನ್ನ ವಾಪಸ್ ಕಳಿಸ್ತಿದ್ರು. ನೀನು ನನ್ನ ಬಿಟ್ಟು ಇಲ್ಲಿರ್ತಿದ್ಯಾ? ಇಬ್ಬರೂ ಅದೇ ಊರಿಗೆ ಹೋಗ್ಬೇಕಾಗ್ತಿತ್ತು. ಹೊಸಬರು ಏನೂ ಕೇಳಲ್ಲ ಅಂದ್ರು. ನಲವತ್ತು ಜನದಲ್ಲಿ ಕರಗೋಗುತ್ತೆ ಅಂದ್ಕೊಂಡೆ ಕಣೇ. ಒಬ್ಬೊಬ್ಬರೇ ಇಳಿದುಹೋಗೋದನ್ನ ನೋಡ್ತಾ ಬಾಯಿ ಮುಚ್ಕೊಂಡಿದ್ದೆ. ಆ ಮರಿಸ್ವಾಮಿ ಮುಖ ನೋಡೋಕಾಗ್ತಿರಲಿಲ್ಲ. ನೀನು ಬಾವಿಗೆ ಬೀಳೋ ತನಕ ಬಂತಲ್ಲ, ಇನ್ನು ಸಾಕು ಅನ್ನಿಸ್ತು.’ ಇಷ್ಟು ಹೇಳಿ ಏದುಸಿರು ಬಿಟ್ಟರು. ನನಗೆ ಅವರ ಮೇಲೆ ಕೋಪವೂ ಬಂತು, ಅಸಹ್ಯವೂ ಆಯಿತು, ಅವರನ್ನು ಬಿಟ್ಟರೆ ನನಗೆ ಯಾರೂ ಇಲ್ಲ ಎಂಬುದೂ ತಿಳಿಯಿತು. ಯಾವುದಕ್ಕೆಂದು ಗೊತ್ತಿಲ್ಲದೆ ಅತ್ತೆ.

ಹೊನ್ನೂರವ್ವ ನನ್ನ ಬಟ್ಟೆಯ ಗಂಟು ಹೊತ್ತುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಗಂಟು ಇಳಿಸಿ, ಒಳಗೆ ಬಂದು ಕೂತು, ಅವತ್ತು ಸಿಗದ ಕೈಯನ್ನು ಎತ್ತಿ ಹಿಡಿದುಕೊಂಡಳು. ‘ಅಯ್ಯೋ ಹುಚ್ಚಪ್ಪಾ’ ಎಂದಳು. ‘ನಾವು ನಾಡಿ ನೋಡೋದು ಕಳಿಸೋಕೆ ಅಂತ ಯಾರು ಹೇಳಿದ್ರು ನಿಂಗೆ? ಅವತ್ತಿನ ಗಂಜಿಗೆ ಎಷ್ಟು ಅಕ್ಕಿ ಹಾಕ್ಬೇಕು, ಎಷ್ಟು ಗಟ್ಟಿ ಮಾಡ್ಬೇಕು ಅಂತ ನೋಡ್ತೀವಪ್ಪಾ. ಕಾಯಿಲೆ ಜಾಸ್ತಿ ಇದ್ರೆ ಎಲ್ಲರೂ ಒಂದು ಹಿಡಿ ಜಾಸ್ತಿ ತರ್ತಾರೆ. ನಮ್ಮ ಮುನ್ನೂರು ಜನದಲ್ಲಿ ನೂರು ಜನ ಹಂಗೇ ಬಂದೋರು.’

ನಾನೇ ಕೇಳಿದೆ, ‘ಹಂಗಾದ್ರೆ ಈಗ ಸೇರಿಸ್ಕೊಳ್ತೀರಾ ಅವ್ವಾ?’ ‘ಸೇರಿಸ್ಕೊಳ್ದೇ ಏನು? ಅಮಾವಾಸ್ಯೆ ದಿನ ಹೊತ್ಕೊಂಡಾದ್ರೂ ಹೋಗ್ತೀವಿ’ ಎಂದಳು. ‘ಇವತ್ತೇ ಮಾಡ್ರವ್ವಾ, ಈಗಲೇ ಮಡಕೆ ಇಡಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ‘ಬೇರೆ ದಿನ ಕುಡಿದ್ರೆ ಅದು ಬರೀ ಗಂಜಿ ತಾಯೀ.’ ಅಮಾವಾಸ್ಯೆ ಕಳೆದು ಇನ್ನೂ ಒಂದು ದಿನವಾಗಿರಲಿಲ್ಲ. ಅವತ್ತು ಸಂಜೆ ಹೊರಗೆ ಬಂದರೆ ಪಡುವಣದಲ್ಲಿ ಉಗುರಿನಷ್ಟು ಚಂದ್ರ ಮೂಡಿದ್ದ. ಅವನು ಬೆಳೆದು, ತುಂಬಿ, ಆಮೇಲೆ ಸವೆದು ಇಲ್ಲವಾಗಬೇಕಿತ್ತು.

ಅಲ್ಲಿಯವರೆಗೆ ಸಾಯಲು ಒಪ್ಪಿ ಮಲಗಿದ್ದವರಿಗೆ ಆ ಮಾತು ಕೇಳಿದ ಮೇಲೆ ಬದುಕುವ ಆಸೆ ಹುಟ್ಟಿಬಿಟ್ಟಿತು. ಇದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊಟ್ಟ ಕಷಾಯವನ್ನೆಲ್ಲ ಕುಡಿಯುತ್ತಿದ್ದರು. ಸುಣ್ಣದ ಗೂಡಿನವರು ದಿನಕ್ಕಿಬ್ಬರಂತೆ ಬಂದು ಪಕ್ಕದಲ್ಲಿ ಕೂತು, ಕೆಮ್ಮುತ್ತಾ, ‘ಗಟ್ಟಿಯಾಗಿರಣ್ಣಾ, ಅಕ್ಕಿ ಎತ್ತಿಟ್ಟಿದೀವಿ’ ಎಂದು ಹೇಳಿ ಹೋಗುತ್ತಿದ್ದರು. ಮರಿಸ್ವಾಮಿ ಒಂದು ದಿನ ದಿಬ್ಬದಿಂದ ಇಳಿದು ಬಂದ. ನನ್ನ ಗಂಡ ಅವನೆದುರು ಕೈಮುಗಿದರು. ಅವನು ಬಹಳ ಹೊತ್ತು ಅವರ ಕಾಲು ಒತ್ತಿ ಹೋದ. ನಾನು ಮಾತ್ರ ಗುಂಡುಕಲ್ಲಿನಂತೆ ಇದ್ದೆ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಕೆನ್ನೆ ತುಂಬಿಕೊಳ್ಳುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು. ‘ಇವತ್ತು ಎಷ್ಟು ರೊಟ್ಟಿ ತಿಂದೆ?’ ಎಂದು ದಿನಾ ಕೇಳುತ್ತಿದ್ದರು. ಸಿಟ್ಟಿನಿಂದ ಒಂದೂ ತಿನ್ನದ ದಿನವೂ ಮೂರು ಎಂದೇ ಹೇಳುತ್ತಿದ್ದೆ.

ದಿನ ಕಳೆದಂತೆ ಅವರಿಗೆ ಬೆಳಗು ಬೈಗಿನ ಲೆಕ್ಕ ತಪ್ಪಿತು. ಚೆಲುವಿಯನ್ನು ಕರೆದು, ಚಕ್ರಕ್ಕೆ ನೀರು ಬಿಡು ಎನ್ನುತ್ತಿದ್ದರು. ಒಂದು ಸಂಜೆ ಮಾತ್ರ ಕಣ್ಣು ತಿಳಿಯಾಯಿತು, ನನ್ನನ್ನು ಗುರುತಿಸಿದರು. ಹೊನ್ನೂರವ್ವ ಮಧ್ಯಾಹ್ನವೇ ನಾಡಿ ಹಿಡಿದು ನೋಡಿ, ನನ್ನನ್ನು ಹೊರಗೆ ಕರೆದು, ತಲೆ ಅಲ್ಲಾಡಿಸಿ ಹೋಗಿದ್ದಳು. ‘ನಿಂಗಾಜಿ, ಅಮಾವಾಸ್ಯೆ ಇನ್ನೆಷ್ಟು ದಿನ ಇದೆ?’ ಎಂದು ಕೇಳಿದರು. ದನಿ ಸ್ವಚ್ಛವಾಗಿತ್ತು. ನಾನು ಕಿಟಕಿಯ ಕಡೆ ನೋಡಿದೆ. ನೀರಿನಾಚೆಯಿಂದ ಹುಣ್ಣಿಮೆಯ ಚಂದ್ರ ಆಗತಾನೇ ಮೇಲೇಳುತ್ತಿದ್ದ, ಹಿತ್ತಾಳೆಯ ಹರಿವಾಣದಷ್ಟು ದೊಡ್ಡದಾಗಿ.

‘ನಾಳೆ’ ಎಂದೆ.

‘ನಾಳೇನಾ?’ ಎಂದು ಅವರ ಮುಖ ಅರಳಿತು. ‘ಬಂದೇಬಿಡ್ತಲ್ಲೇ. ನಾನು ತಡಕೊಂಡುಬಿಟ್ಟೆ ನೋಡು. ನಾಳೆ ಬೇಗ ಎಬ್ಬಿಸು. ಸ್ನಾನ ಮಾಡಿಸು, ಒಗೆದಿರೋ ಪಂಚೆ ಕೊಡು. ಆ ಜನದ ಸಾಲಲ್ಲಿ ಕೊಳಕಾಗಿ ಕೂರಬಾರದು.’

‘ಆಯ್ತು, ಎಬ್ಬಿಸ್ತೀನಿ. ಈಗ ಮಲಗಿ’ ಎಂದು ಎದ್ದು ಕಿಟಕಿಯ ಬಾಗಿಲು ಹಾಕಿದೆ. ಹಲಗೆಯ ಸಂದಿಯಲ್ಲಿ ಬೆಳಕು ಒಳಗೆ ಬರುತ್ತಲೇ ಇತ್ತು. ನಾನು ಆ ಸಂದಿಗೆ ಬೆನ್ನು ಒತ್ತಿಕೊಂಡು, ಅವರು ಕಣ್ಣು ಮುಚ್ಚುವವರೆಗೂ ಅಲ್ಲೇ ನಿಂತಿದ್ದೆ.